ಹತ್ತೊಂಬತ್ತಕ್ಕೆ ಏಸ್, ಮೂವತ್ತಕ್ಕೆ ಸರ್ಕಾರದ ಕುರ್ಚಿ: ಡೇವಿಡ್ ಇಂಗಲ್ಸ್ ಮೇಲೆ ಬಂದಿದ್ದು ಮನೆತನದಿಂದಲಾ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಇದ್ದದ್ದು ಒಬ್ಬನೇ ‘ಏಸ್’ (ಶತ್ರುವಿನ ಐದಾದರೂ ವಿಮಾನ ಕೆಡವಿದ) ಪೈಲಟ್, ಹೆಸರು ಡೇವಿಡ್ ಇಂಗಲ್ಸ್ ಅಂತ ಓದಿದೆ. ಯುದ್ಧ ಮುಗಿದ ಮೇಲೆ ವಕೀಲನಾದನಂತೆ, ಮೂವತ್ತನೇ ವಯಸ್ಸಿಗೆ ನೌಕಾ ಇಲಾಖೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿತಂತೆ. ಅಧ್ಯಕ್ಷ ಟಾಫ್ಟ್ ಅವರ ಸಂಬಂಧಿ ಅಂತಲೂ ಇತ್ತು. ಹಾಗಾದರೆ ಇದೆಲ್ಲ ಮನೆತನದ ಬಲ ತಾನೆ? ವಿಮಾನ ಹಾರಿಸಿದ್ದಕ್ಕೂ ವಕೀಲಿಕೆಗೂ ಏನು ಸಂಬಂಧ? ಇಂಥವರು ಈಗಲೂ ಇರ್ತಾರಾ?

ಉತ್ತರ: ನಿಮ್ಮ ಅನುಮಾನ ಅರ್ಧ ಸರಿ. ಆ ಅರ್ಧವನ್ನು ಮೊದಲೇ ಒಪ್ಪಿಕೊಂಡುಬಿಡೋಣ, ಆಮೇಲೆ ಉಳಿದ ಅರ್ಧ ನೋಡೋಣ. ನನ್ನ ಮಟ್ಟಿಗೆ ಆ ಉಳಿದ ಅರ್ಧವೇ ಜಾಸ್ತಿ ಸ್ವಾರಸ್ಯದ್ದು.

ಡೇವಿಡ್ ಸಿಂಟನ್ ಇಂಗಲ್ಸ್ ಹುಟ್ಟಿದ್ದು 1899ರ ಜನವರಿ 28ರಂದು, ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಅಪ್ಪ ರೈಲ್ವೆ ಕಂಪನಿಯ ದೊಡ್ಡ ಅಧಿಕಾರಿ, ಅಪ್ಪನ ಅಪ್ಪ ಇನ್ನೊಂದು ರೈಲ್ವೆಯ ಅಧ್ಯಕ್ಷ. ತಾಯಿ ಜೇನ್ ಟಾಫ್ಟ್. ಆಕೆಯ ತಂದೆ ಚಾರ್ಲ್ಸ್ ಫೆಲ್ಪ್ಸ್ ಟಾಫ್ಟ್, ಸಿನ್ಸಿನಾಟಿಯ ಪತ್ರಿಕೆ ಮಾಲೀಕ. ಆ ಚಾರ್ಲ್ಸ್‌ನ ತಮ್ಮ (ತಂದೆ ಒಬ್ಬರೇ, ತಾಯಿ ಬೇರೆ) ವಿಲಿಯಂ ಹೋವರ್ಡ್ ಟಾಫ್ಟ್ 1909ರಿಂದ 1913ರವರೆಗೆ ಅಮೆರಿಕದ ಅಧ್ಯಕ್ಷ, 1921ರಿಂದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. ‘ಸಿಂಟನ್’ ಅನ್ನೋ ಮಧ್ಯದ ಹೆಸರು ತಾಯಿ ಕಡೆಯ ಮುತ್ತಜ್ಜನದು, ಅವರು ಕಬ್ಬಿಣದ ವ್ಯಾಪಾರದಲ್ಲಿ ಅಪಾರ ದುಡ್ಡು ಮಾಡಿದವರು. ಇಷ್ಟು ಸಾಲದು ಅಂತ 1922ರಲ್ಲಿ ಮದುವೆಯಾಗಿದ್ದು ಸ್ಟಾಂಡರ್ಡ್ ಆಯಿಲ್ ಸಂಪತ್ತಿನ ಹಾರ್ಕ್‌ನೆಸ್ ಮನೆತನದ ಹುಡುಗಿಯನ್ನು. ಅಂದರೆ ಈ ಹುಡುಗ ಕೆಲಸವೇ ಮಾಡದೆ ಬದುಕಬಹುದಿತ್ತು. ಅನೇಕರು ಹಾಗೆಯೇ ಬದುಕಿದರು.

ವಿಮಾನ ಹತ್ತಿದ್ದೂ ದುಡ್ಡಿನ ದಾರಿಯಲ್ಲೇ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1916ರಲ್ಲಿ ಯೂರೋಪಿನಲ್ಲಿ ಯುದ್ಧ ನಡೀತಿತ್ತು, ಅಮೆರಿಕ ಇನ್ನೂ ಹೊರಗಿತ್ತು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಟ್ರೂಬಿ ಡೇವಿಸನ್ ಅನ್ನೋ ಹುಡುಗನಿಗೆ, ನಾವೇ ಒಂದು ತಂಡ ಕಟ್ಟಿ ಹಾರೋದು ಕಲಿತು ನೌಕಾಪಡೆಗೆ ಸೇರೋಣ ಅನ್ನಿಸಿತು. ಅವನ ಅಪ್ಪ ಹೆನ್ರಿ ಡೇವಿಸನ್, ಜೆ.ಪಿ. ಮಾರ್ಗನ್ ಬ್ಯಾಂಕಿನ ಪಾಲುದಾರ. ಹುಡುಗರ ಮನೆಯವರೇ ಹಣ ಹಾಕಿದರು. ನೀರಿನ ಮೇಲೆ ಇಳಿಯುವ ಕರ್ಟಿಸ್ ವಿಮಾನಗಳು ಬಂದವು, ಕಲಿಸೋಕೆ ಪೈಲಟ್ ಬಂದ, ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡಿನ ತೀರದಲ್ಲಿ ಬೇಸಿಗೆ ರಜೆಯ ತರಬೇತಿ ಶುರುವಾಯಿತು. ಪತ್ರಿಕೆಗಳು ಇವರನ್ನು ಕೋಟ್ಯಧೀಶರ ತಂಡ ಅಂತಲೇ ಕರೆದವು. ಅದರಲ್ಲಿ ಸುಳ್ಳೇನೂ ಇಲ್ಲ.

ಆದರೆ ಆಗಿನ ಪರಿಸ್ಥಿತಿಯನ್ನೂ ನೋಡಿ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಅದರ ನೌಕಾಪಡೆ ಹತ್ತಿರ ಇದ್ದದ್ದು 54 ವಿಮಾನ. ಅವೂ ತರಬೇತಿಗೆ ಆಗುವಂಥವು, ಯುದ್ಧಕ್ಕೆ ಒಂದೂ ಲಾಯಕ್ಕಿರಲಿಲ್ಲ. ಸರ್ಕಾರವೇ ಏನೂ ಮಾಡದೆ ಕೂತಿದ್ದಾಗ, ತಮ್ಮ ಖರ್ಚಿನಲ್ಲಿ ಹಾರೋದು ಕಲಿತು ಬಂದ ಹುಡುಗರನ್ನು ಬೇಡ ಅನ್ನುವವರು ಯಾರು? ಇಂಗಲ್ಸ್ ಯೇಲ್‌ಗೆ ಸೇರಿದ್ದು 1916ರಲ್ಲಿ, ವೈದ್ಯನಾಗಬೇಕು ಅಂತ. ಐಸ್ ಹಾಕಿ ಚೆನ್ನಾಗಿ ಆಡ್ತಿದ್ದ. ಡೇವಿಸನ್ ತಂಡಕ್ಕೆ ಸೇರಿ 1917ರ ಮಾರ್ಚ್‌ನಲ್ಲಿ, ಅಂದರೆ ಯುದ್ಧ ಘೋಷಣೆಗೂ ಮೊದಲೇ, ನೌಕಾಪಡೆಗೆ ಹೆಸರು ಬರೆಸಿದ. ವಯಸ್ಸು 18. ನೌಕಾ ವಿಮಾನಿಗಳ ಪಟ್ಟಿಯಲ್ಲಿ ಅವನ ನಂಬರು 85. ಗೆಳೆಯರು ಕರೀತಿದ್ದ ಅಡ್ಡಹೆಸರು ‘ಕ್ರಾಕ್’.

ತಂಡ ಕಟ್ಟಿದ ಡೇವಿಸನ್ ಕಥೆ ಮಾತ್ರ ಬೇಜಾರಿನದು. 1917ರ ಜುಲೈನಲ್ಲಿ, ಪೈಲಟ್ ಪರೀಕ್ಷೆಯ ದಿನವೇ ಅವನ ವಿಮಾನ ಬಿತ್ತು, ಬೆನ್ನುಮೂಳೆ ಮುರಿಯಿತು. ಯುದ್ಧಕ್ಕೆ ಹೋಗಲೇ ಇಲ್ಲ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇಂಗಲ್ಸ್ ಇಂಗ್ಲೆಂಡಿಗೆ ಹೋಗಿ ಗಾಸ್‌ಪೋರ್ಟ್‌ನಲ್ಲಿ ಮತ್ತೆ ಮೊದಲಿಂದ ಕಲಿತ. ಆ ಶಾಲೆಯ ವಿಧಾನವೇ ಬೇರೆ. ಅಲ್ಲಿಯವರೆಗೆ ಎಲ್ಲ ಕಡೆ, ವಿಮಾನ ಗಿರಕಿ ಹೊಡೆಯುವ ಸ್ಥಿತಿಗೆ ಹೋಗದ ಹಾಗೆ ನೋಡಿಕೋ ಅಂತ ಕಲಿಸ್ತಿದ್ದರು. ಗಾಸ್‌ಪೋರ್ಟ್‌ನಲ್ಲಿ ಸ್ಮಿತ್-ಬ್ಯಾರಿ ಅನ್ನೋ ಅಧಿಕಾರಿ ತಂದ ಪದ್ಧತಿ ಪ್ರಕಾರ ಬೇಕಂತಲೇ ಗಿರಕಿಗೆ ಬೀಳಿಸಿ, ಅದರಿಂದ ಹೊರಗೆ ಬರೋದನ್ನು ಕಲಿಸ್ತಿದ್ದರು. ಹಿಂದೆ ಮುಂದೆ ಕೂತ ಗುರು ಶಿಷ್ಯರ ಮಧ್ಯೆ ಮಾತಾಡೋಕೆ ಒಂದು ರಬ್ಬರ್ ಕೊಳವೆ. ಹೆದರಿಕೆಗೆ ಕಾರಣ ಗೊತ್ತಾದರೆ ಹೆದರಿಕೆ ಕಡಿಮೆಯಾಗುತ್ತದೆ ಅನ್ನೋದು ಆ ಪಾಠದ ತಿರುಳು. ಅಲ್ಲಿಂದ ಸ್ಕಾಟ್ಲೆಂಡಿನ ಏರ್, ಟರ್ನ್‌ಬೆರಿಗಳಲ್ಲಿ ಗುಂಡು ಹೊಡೆಯುವ ತರಬೇತಿ. ಆಮೇಲೆ ಫ್ರಾನ್ಸಿನ ಡಂಕರ್ಕ್.

ನೌಕಾಪಡೆಯ ಪೈಲಟ್‌ಗೆ ನೆಲದ ಮೇಲೆ ಏನು ಕೆಲಸ ಅಂತ ನೀವು ಕೇಳಬಹುದು. ಜರ್ಮನಿಯ ಜಲಾಂತರ್ಗಾಮಿಗಳು ಬೆಲ್ಜಿಯಂನ ಬ್ರೂಜ್ ಊರಿನಲ್ಲಿ ತಂಗಿ, ಕಾಲುವೆಗಳ ಮೂಲಕ ಝೀಬ್ರುಗ ಮತ್ತು ಒಸ್ಟೆಂಡ್‌ಗೆ ಬಂದು ಸಮುದ್ರ ಸೇರ್ತಿದ್ದವು. ಅವನ್ನು ಹೊಡೆಯೋದು ನೌಕಾಪಡೆಯ ಕೆಲಸ. ಡಂಕರ್ಕ್‌ನಲ್ಲಿ ಅಮೆರಿಕದ ನೌಕಾಪಡೆ ಒಂದು ಸೀಪ್ಲೇನ್ ನೆಲೆ ತೆರೆಯಿತು. ಆದರೆ ದೋಣಿಯಂಥ ಕಾಲು ಕಟ್ಟಿಕೊಂಡ ವಿಮಾನ ನಿಧಾನ, ಭಾರ. ಶತ್ರುವಿನ ಫೈಟರ್ ಬಂದರೆ ಕಥೆ ಮುಗೀತು. ಹಾಗಾಗಿ ಗಾಲಿ ಇರುವ ವಿಮಾನವೇ ಬೇಕು ಅಂತಾಯಿತು. ಅಮೆರಿಕದ ಹತ್ತಿರ ಅದಿರಲಿಲ್ಲ. ಕಲಿಯೋಕೆ ಅಂತ ಕೆಲವು ಪೈಲಟ್‌ಗಳನ್ನು ಬ್ರಿಟಿಷ್ ಸ್ಕ್ವಾಡ್ರನ್‌ಗಳಿಗೆ (ವಿಮಾನ ತುಕಡಿಗಳಿಗೆ) ಕಳಿಸಿದರು. ಇಂಗಲ್ಸ್ ಹೋಗಿದ್ದು 213ನೇ ಸ್ಕ್ವಾಡ್ರನ್‌ಗೆ, ಡಂಕರ್ಕ್ ಪಕ್ಕದ ಬರ್ಗ್ ಊರಿಗೆ. ಅದೂ ಬ್ರಿಟಿಷ್ ನೌಕಾಪಡೆಯದೇ ಆಗಿತ್ತು, 1918ರ ಏಪ್ರಿಲ್ 1ರಂದು ರಾಯಲ್ ಏರ್ ಫೋರ್ಸ್ ಹುಟ್ಟಿದಾಗ ಅದರೊಳಗೆ ಸೇರಿತು.

ಅಲ್ಲಿ ಕೈಗೆ ಬಂದದ್ದು ಸಾಪ್‌ವಿತ್ ಕ್ಯಾಮೆಲ್. ಈ ವಿಮಾನದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಇದರ ಎಂಜಿನ್ ರೋಟರಿ, ಅಂದರೆ ಪ್ರೊಪೆಲ್ಲರ್ ಜೊತೆ ಇಡೀ ಎಂಜಿನ್ನೇ ಗರಗರ ತಿರುಗುತ್ತದೆ. ಎಂಜಿನ್ನು, ಪೈಲಟ್ಟು, ಗನ್ನು, ಪೆಟ್ರೋಲ್ ಟ್ಯಾಂಕು ಎಲ್ಲ ಮೂತಿಯ ಹತ್ತಿರವೇ ಒತ್ತಿಕೊಂಡು ಕೂತಿವೆ. ತಿರುಗುವ ಆ ಭಾರದಿಂದಾಗಿ ವಿಮಾನ ಬಲಕ್ಕೆ ಕಣ್ಣುಮುಚ್ಚಿ ಬಿಡೋದರೊಳಗೆ ತಿರುಗುತ್ತದೆ, ಎಡಕ್ಕೆ ಸೋಮಾರಿ. ಗೊತ್ತಿದ್ದವನಿಗೆ ಇದು ವರ, ಹೊಸಬನಿಗೆ ಮೃತ್ಯು. ಎಷ್ಟೋ ಹುಡುಗರು ಶತ್ರುವನ್ನು ನೋಡುವ ಮೊದಲೇ ತರಬೇತಿಯಲ್ಲಿ ಗಿರಕಿಗೆ ಸಿಕ್ಕಿ ಸತ್ತರು. ವೇಗ ಕಡಿಮೆ ಮಾಡಬೇಕಂದರೆ ವಿಮಾನ ನಡೆಸುವ ಕೋಲಿನ ಮೇಲಿನ ಬಟನ್ ಒತ್ತಿ ಎಂಜಿನ್ನಿನ ಕಿಡಿಯನ್ನೇ ಆಗಾಗ ಕಡಿಯಬೇಕು, ಬಿಟ್ಟರೆ ಮತ್ತೆ ಪೂರ್ತಿ ಜೋರು. ಎಂಜಿನ್‌ಗೆ ಹಾಕುವ ಎಣ್ಣೆ ನಮ್ಮ ಹರಳೆಣ್ಣೆ. ಅದು ಉರಿದು ಹೊಗೆಯಾಗಿ, ಹನಿಯಾಗಿ ಪೈಲಟ್ ಮುಖಕ್ಕೇ ಬಡೀತಿತ್ತು. ದಿನಾ ಹರಳೆಣ್ಣೆ ಉಸಿರಾಡಿದರೆ ಹೊಟ್ಟೆಯ ಗತಿ ಏನಾಗುತ್ತದೆ ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

1918ರ ಆಗಸ್ಟ್ 11ರಂದು ಇಂಗಲ್ಸ್ ಮೊದಲ ಜರ್ಮನ್ ವಿಮಾನ ಕೆಡವಿದ, ಇನ್ನೊಬ್ಬ ಪೈಲಟ್ ಜೊತೆ ಸೇರಿ. ಎರಡು ದಿನ ಬಿಟ್ಟು ಬ್ರೂಜ್ ಪಕ್ಕದ ವಾರ್ಸೆನಾರೆ ವಿಮಾನ ನೆಲೆಯ ಮೇಲೆ ಬೆಳಗಿನ ಜಾವದ ದಾಳಿಯಲ್ಲೂ ಇದ್ದ. ಕೊನೆಯ ಗೆಲುವು ಸೆಪ್ಟೆಂಬರ್ 24ರಂದು. ಈ ಆರು ವಾರದಲ್ಲಿ ಲೆಕ್ಕಕ್ಕೆ ಬಂದದ್ದು ಆರು. ಐದು ಮುಟ್ಟಿದವನು ಏಸ್, ಅದು ಆಗಿನ ರೂಢಿ. ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೇನೆ, ಯಾಕಂದರೆ ಇದನ್ನು ಹಿಡಿದುಕೊಂಡು ವಾದ ಮಾಡುವವರಿದ್ದಾರೆ. ಆರರಲ್ಲಿ ಹಲವು ಹಂಚಿಕೊಂಡ ಗೆಲುವುಗಳು. ಇಬ್ಬರು ಮೂವರು ಸೇರಿ ಒಂದು ವಿಮಾನ ಬೀಳಿಸಿದರೆ ಬ್ರಿಟಿಷರು ಎಲ್ಲರ ಹೆಸರಿಗೂ ಒಂದೊಂದು ಬರೀತಿದ್ದರು. ಅದು ಮೋಸ ಅಲ್ಲ. 1918ರ ಹೊತ್ತಿಗೆ ಒಬ್ಬನೇ ಹೋಗಿ ಕಾದಾಡುವ ಕಾಲ ಮುಗಿದಿತ್ತು, ಗುಂಪಾಗಿ ಹೋಗದವನು ವಾಪಸ್ ಬರ್ತಿರಲಿಲ್ಲ.

ಆರರಲ್ಲಿ ಒಂದು ಬಲೂನು. ಸೆಪ್ಟೆಂಬರ್ 18ರಂದು ಜೊತೆಗಾರರಿಬ್ಬರೊಂದಿಗೆ ಹೊಡೆದದ್ದು. ಬಲೂನು ಅಂದರೆ ಅಷ್ಟೇನಾ ಅನ್ನಿಸಬಹುದು. ಹಗ್ಗಕ್ಕೆ ಕಟ್ಟಿದ, ಹೈಡ್ರೋಜನ್ ತುಂಬಿದ ಈ ದೊಡ್ಡ ಚೀಲದ ಬುಟ್ಟಿಯಲ್ಲಿ ಒಬ್ಬ ಟೆಲಿಫೋನ್ ಹಿಡಿದು ಕೂತಿರ್ತಿದ್ದ. ಕೆಳಗಿನ ಫಿರಂಗಿಗಳಿಗೆ ಇನ್ನೂ ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಮುಂದಕ್ಕೆ ಅಂತ ಹೇಳೋದು ಅವನ ಕೆಲಸ. ಹಾಗಾಗಿ ಬಲೂನಿನ ಸುತ್ತ ವಿಮಾನ ಹೊಡೆಯುವ ತೋಪುಗಳು, ಮಷಿನ್ ಗನ್ನುಗಳು ಗಿಜಿಗುಡ್ತಿದ್ದವು, ಮತ್ತು ಬಲೂನು ಎಷ್ಟು ಎತ್ತರದಲ್ಲಿದೆ ಅಂತ ಅವರಿಗೆ ಕರಾರುವಾಕ್ಕಾಗಿ ಗೊತ್ತಿರ್ತಿತ್ತು. ಬೆಂಕಿ ಹತ್ತಿಸುವ ಗುಂಡು ತುಂಬಿಕೊಂಡು ಹತ್ತಿರ ಹೋಗಿ ಹೊಡೆಯಬೇಕು. ಸಿಡಿದರೆ ನಿಮ್ಮ ಮುಖದ ಮುಂದೆಯೇ. ಇನ್ನೊಂದು ತಮಾಷೆ ನೋಡಿ: ಬಲೂನಿನ ಬುಟ್ಟಿಯಲ್ಲಿದ್ದವನಿಗೆ ಪ್ಯಾರಾಶೂಟ್ ಇತ್ತು, ಅವನನ್ನು ಹೊಡೆಯೋಕೆ ಬಂದ ಬ್ರಿಟಿಷ್ ಸ್ಕ್ವಾಡ್ರನ್ನಿನ ಪೈಲಟ್‌ಗೆ ಇರಲಿಲ್ಲ.

ಇಲ್ಲಿಗೆ ನಿಮ್ಮ ಮೊದಲ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು ಅಂದುಕೊಳ್ತೇನೆ. ಮನೆತನ ಅವನನ್ನು ಕಾಕ್‌ಪಿಟ್‌ವರೆಗೆ ತಂದು ಕೂರಿಸಿತು. ಅಲ್ಲಿಂದ ಆಚೆ ಟಾಫ್ಟ್ ಅನ್ನೋ ಹೆಸರು ಜರ್ಮನ್ ಗನ್ನರ್‌ಗೆ ಗೊತ್ತಿರಲಿಲ್ಲ. ಬರೀ ಧೈರ್ಯ ಸಾಲದು, ಅದೃಷ್ಟವೂ ಬೇಕಿತ್ತು. ಅಕ್ಟೋಬರ್ ಮೊದಲಲ್ಲಿ ಇಂಗಲ್ಸ್‌ನನ್ನು ಇಂಗ್ಲೆಂಡಿನ ಈಸ್ಟ್‌ಲೀಗೆ ವಿಮಾನ ಪರೀಕ್ಷೆ ಮಾಡುವ ಕೆಲಸಕ್ಕೆ ಹಾಕಿದರು. 213ರಲ್ಲಿ ಅವನ ಜಾಗಕ್ಕೆ ಬಂದವನು ಅದೇ ಯೇಲ್ ತಂಡದ ಗೆಳೆಯ ಕೆನೆತ್ ಮ್ಯಾಕ್‌ಲೀಶ್. ಅಕ್ಟೋಬರ್ 14ರಂದು ಹಾರಿದವನು ವಾಪಸ್ ಬರಲಿಲ್ಲ. ಯುದ್ಧ ನಿಲ್ಲೋಕೆ ನಾಲ್ಕೇ ವಾರ ಬಾಕಿ ಇತ್ತು. ಇನ್ನೊಬ್ಬ ಗೆಳೆಯ ಆರ್ಟೆಮಸ್ ಗೇಟ್ಸ್ ಅದೇ ತಿಂಗಳ 4ರಂದು ಜರ್ಮನ್ ಸಾಲಿನ ಹಿಂದೆ ಬಿದ್ದು ಸೆರೆ ಸಿಕ್ಕಿದ್ದ. ಗೇಟ್ಸ್ ಹೆಸರನ್ನೂ ನೆನಪಿಡಿ.

ಇಂಗಲ್ಸ್‌ಗೆ ಬ್ರಿಟಿಷರ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್, ಫ್ರಾನ್ಸಿನ ಲೀಜನ್ ಆಫ್ ಆನರ್, ತನ್ನ ನೌಕಾಪಡೆಯ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್ ಎಲ್ಲ ಬಂದವು. ಎದೆ ತುಂಬ ಪದಕ ಇಟ್ಟುಕೊಂಡು ಊರಿಗೆ ಬಂದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು, ಮಾಡಿದ್ದೇನಂದರೆ ಸುಮ್ನೆ ಮತ್ತೆ ಕಾಲೇಜಿಗೆ ಹೋಗಿದ್ದು. 1920ಕ್ಕೆ ಯೇಲ್ ಪದವಿ, ಜೊತೆಗೆ ಹಾಕಿ ತಂಡದ ನಾಯಕತ್ವ. ವೈದ್ಯನಾಗುವ ಯೋಚನೆ ಬಿಟ್ಟು ಹಾರ್ವರ್ಡ್‌ನಲ್ಲಿ ಕಾನೂನು ಓದಿ 1923ಕ್ಕೆ ಮುಗಿಸಿದ. ಕ್ಲೀವ್‌ಲ್ಯಾಂಡ್‌ನ ಹಳೆಯ ವಕೀಲ ಸಂಸ್ಥೆ ಸ್ಕ್ವೈರ್, ಸ್ಯಾಂಡರ್ಸ್ ಅಂಡ್ ಡೆಂಪ್ಸಿಗೆ ಸೇರಿದ.

ಈಗ ನಿಮ್ಮ ಎರಡನೇ ಪ್ರಶ್ನೆ, ವಿಮಾನಕ್ಕೂ ವಕೀಲಿಕೆಗೂ ಏನು ಸಂಬಂಧ ಅನ್ನೋದು. 1920ರ ದಶಕದಲ್ಲಿ ಇತ್ತು, ಮತ್ತು ತುಂಬಾ ಇತ್ತು. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ, ನೆಲ ಯಾರದೋ ಆ ನೆಲದ ಮೇಲಿನ ಆಕಾಶವೂ ಸ್ವರ್ಗದವರೆಗೆ ಅವರದ್ದೇ ಅನ್ನೋ ಒಂದು ಸೂತ್ರವಿದೆ. ವಿಮಾನ ಇಲ್ಲದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ವಿಮಾನ ಬಂದ ಮೇಲೆ? ಪಕ್ಕದ ಊರಿಗೆ ಹಾರುವ ಪೈಲಟ್ ದಾರಿಯಲ್ಲಿ ಸಾವಿರ ಜನರ ಆಸ್ತಿಯೊಳಗೆ ಅತಿಕ್ರಮ ಪ್ರವೇಶ ಮಾಡಿದ ಹಾಗಾಗುತ್ತದಾ? ಯಾರದೋ ಹೊಲದಲ್ಲಿ ಕೆಟ್ಟು ಇಳಿದರೆ ಬೆಳೆ ನಷ್ಟ ಯಾರು ಕೊಡಬೇಕು? ಯಾರು ಬೇಕಾದರೂ ವಿಮಾನ ಹಾರಿಸಬಹುದಾ? ಲೈಸೆನ್ಸ್ ಕೊಡುವವರು ಯಾರು, ರಾಜ್ಯವಾ ಕೇಂದ್ರವಾ? 1926ರಲ್ಲಿ ಅಮೆರಿಕದ ಸಂಸತ್ತು ವಾಯು ವಾಣಿಜ್ಯ ಕಾಯ್ದೆ ಮಾಡಿ ಒಂದಷ್ಟು ಸರಿಪಡಿಸಿತು. ಆದರೆ ರಾಜ್ಯದೊಳಗಿನ ವಿಷಯಕ್ಕೆ ರಾಜ್ಯಗಳೇ ಕಾನೂನು ಮಾಡಿಕೊಳ್ಳಬೇಕಿತ್ತು.

ಇದೆಲ್ಲ ಪುಸ್ತಕದ ಬದನೆಕಾಯಿ ಅಂದುಕೊಳ್ಳಬೇಡಿ. ಇಂಗಲ್ಸ್‌ನ ಊರಾದ ಕ್ಲೀವ್‌ಲ್ಯಾಂಡ್ ಪಕ್ಕದಲ್ಲೇ ದೊಡ್ಡ ತೋಟದ ಮನೆಯವರೊಬ್ಬರು, ಎದುರಿಗೆ ಬಂದ ಖಾಸಗಿ ವಿಮಾನ ನಿಲ್ದಾಣದ ಧೂಳು, ಸದ್ದು, ತಲೆ ಮೇಲೆ ತೀರಾ ಕೆಳಗೆ ಹಾರುವ ವಿಮಾನ ಇವೆಲ್ಲದರ ವಿರುದ್ಧ ಕೇಸು ಹಾಕಿದರು. 1930ರಲ್ಲಿ ಕೆಳಗಿನ ಕೋರ್ಟಿನಲ್ಲಿ, 1932ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ತೀರ್ಪು ಬಂತು, ಈಗಲೂ ವಿಮಾನಯಾನ ಕಾನೂನು ಓದುವವರಿಗೆ ಅದು ಪಾಠ. ತುಂಬಾ ಮೇಲೆ ಹಾರಿದರೆ ಅತಿಕ್ರಮ ಅಲ್ಲ, ಆದರೆ ನೆಮ್ಮದಿಗೆ ಭಂಗ ತಂದರೆ ತಡೆಯಬಹುದು ಅನ್ನೋದು ಅದರ ಸಾರ. ಆಕಾಶ ಯಾರದ್ದು ಅನ್ನೋ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದ್ದು 1946ರಲ್ಲಿ, ಅದೂ ಒಬ್ಬ ಕೋಳಿ ಸಾಕುವವನ ಕೇಸಿನಲ್ಲಿ. ಸೇನಾ ವಿಮಾನಗಳ ಸದ್ದಿಗೆ ಹೆದರಿ ಅವನ ಕೋಳಿಗಳು ಗೋಡೆಗೆ ಹಾರಿ ಬಡಿದುಕೊಂಡು ಸಾಯ್ತಿದ್ದವು. ಹಳೆಯ ಸೂತ್ರಕ್ಕೆ ಈ ಕಾಲದಲ್ಲಿ ಜಾಗ ಇಲ್ಲ ಅಂದ ಕೋರ್ಟು, ಕೋಳಿಯವನಿಗೆ ಪರಿಹಾರ ಸಿಗಬೇಕು ಅಂತಲೂ ಹೇಳಿತು.

ಇಂಥ ಹೊತ್ತಿನಲ್ಲಿ ಕ್ಯಾಮೆಲ್ ಹಾರಿಸಿ ಬಂದ ವಕೀಲನೊಬ್ಬ 1926ರಲ್ಲಿ ಒಹಾಯೋ ವಿಧಾನಸಭೆಗೆ ಆರಿಸಿ ಬಂದ. ರಾಜ್ಯದ ವಿಮಾನಯಾನ ಕಾನೂನಿನ ಮಸೂದೆ ತಂದವರಲ್ಲಿ ಅವನೂ ಒಬ್ಬ. ಎಂಜಿನ್ ನಿಂತರೆ ಪೈಲಟ್‌ಗೆ ಎಷ್ಟು ಎತ್ತರ ಬೇಕು, ಇಳಿಯೋಕೆ ಜಾಗ ಹುಡುಕೋಕೆ ಎಷ್ಟು ಹೊತ್ತು ಸಿಗುತ್ತದೆ ಅನ್ನೋದು ಗೊತ್ತಿದ್ದು, ಅದನ್ನು ಕಲಮು ಉಪಕಲಮು ಮಾಡಿ ಬರೆಯೋಕೂ ಬರುವ ಶಾಸಕರು ಆಗ ಎಷ್ಟು ಮಂದಿ ಇದ್ದಿರಬಹುದು? ನನ್ನ ಅಭಿಪ್ರಾಯದಲ್ಲಿ ಇಂಗಲ್ಸ್‌ನ ಬದುಕಿನ ತಿರುವು ಇರೋದು ಇಲ್ಲಿ. ಏಸ್ ಅನ್ನೋ ಬಿರುದು ಅವನಿಗೆ ಹೆಸರು ಕೊಟ್ಟಿತು, ಆದರೆ ಆ ಹೆಸರನ್ನು ಕೆಲಸಕ್ಕೆ ಹಚ್ಚಿದ್ದು ಕಾನೂನಿನ ಓದು. ಬರೀ ಏಸ್ ಆಗಿದ್ದರೆ ಮೆರವಣಿಗೆ, ಭಾಷಣ, ಹಾರ ತುರಾಯಿ, ಅಷ್ಟಕ್ಕೇ ಮುಗೀತಿತ್ತು.

1929ರ ಮಾರ್ಚ್‌ನಲ್ಲಿ ಅಧ್ಯಕ್ಷ ಹೂವರ್ ಅವರು ಇಂಗಲ್ಸ್ ಅವರನ್ನು ನೌಕಾ ಇಲಾಖೆಯ ವಾಯುಯಾನ ವಿಭಾಗಕ್ಕೆ ಸಹಾಯಕ ಕಾರ್ಯದರ್ಶಿಯಾಗಿ ನೇಮಿಸಿದರು. (ಇಲ್ಲಿಂದ ಬಹುವಚನ. ಕುರ್ಚಿಗೆ ಅಷ್ಟಾದರೂ ಮರ್ಯಾದೆ ಬೇಕಲ್ವಾ.) ನಮ್ಮಲ್ಲಿ ಕಾರ್ಯದರ್ಶಿ ಅಂದರೆ ಐಎಎಸ್ ಅಧಿಕಾರಿ ನೆನಪಾಗುತ್ತಾರೆ, ಅಲ್ಲಿ ಅದು ರಾಜಕೀಯ ನೇಮಕ, ನಮ್ಮ ಉಪಮಂತ್ರಿಯ ಹತ್ತಿರ ಹತ್ತಿರ ಅಂತಿಟ್ಟುಕೊಳ್ಳಿ. ಹುದ್ದೆ ಹುಟ್ಟಿದ್ದೇ 1926ರಲ್ಲಿ. ಅದರ ಹಿಂದೆ ದೊಡ್ಡ ಜಗಳವಿತ್ತು. ಸೈನ್ಯದ ಬಿಲ್ಲಿ ಮಿಚೆಲ್ ಅನ್ನೋ ಅಧಿಕಾರಿ, ಹಡಗುಗಳ ಕಾಲ ಮುಗೀತು, ವಿಮಾನಗಳಿಗೆ ಬೇರೆಯೇ ಪಡೆ ಕಟ್ಟಿ ಅಂತ ಗಲಾಟೆ ಎಬ್ಬಿಸಿ 1925ರಲ್ಲಿ ಸೇನಾ ವಿಚಾರಣೆಗೆ ಗುರಿಯಾಗಿದ್ದರು. ಸರ್ಕಾರ ಬೇರೆ ಪಡೆ ಕೊಡಲಿಲ್ಲ, ಬದಲಿಗೆ ಸೈನ್ಯಕ್ಕೊಬ್ಬ, ನೌಕಾಪಡೆಗೊಬ್ಬ ವಾಯುಯಾನದ ಸಹಾಯಕ ಕಾರ್ಯದರ್ಶಿಯನ್ನು ಕೊಟ್ಟಿತು. ಜೊತೆಗೆ ನೌಕಾಪಡೆಗೆ ಐದು ವರ್ಷದಲ್ಲಿ 1,000 ವಿಮಾನ ಅನ್ನೋ ಕಾನೂನೂ ಆಯಿತು. ಇಂಗಲ್ಸ್‌ಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಎಡ್ವರ್ಡ್ ವಾರ್ನರ್, ಎಂಐಟಿಯ ಪ್ರೊಫೆಸರ್.

ಈಗ ಆ ಹೆಸರುಗಳನ್ನು ನೆನಪು ಮಾಡಿಕೊಳ್ಳಿ. 1929ರಲ್ಲಿ ಸೈನ್ಯದ ಕಡೆ ಅದೇ ಹುದ್ದೆಯಲ್ಲಿ ಕೂತಿದ್ದವರು ಯಾರು? ಬೆನ್ನು ಮುರಿದುಕೊಂಡ ಟ್ರೂಬಿ ಡೇವಿಸನ್. ಅವರೂ ಅಷ್ಟರಲ್ಲಿ ವಕೀಲರಾಗಿದ್ದರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಈ ಹುದ್ದೆಗೆ ಬಂದವರು ಆರ್ಟೆಮಸ್ ಗೇಟ್ಸ್, ಸೈನ್ಯದ ಕಡೆಯದಕ್ಕೆ ರಾಬರ್ಟ್ ಲವೆಟ್. ಲವೆಟ್ ಕೂಡ ಅದೇ ಯೇಲ್ ತಂಡ, ಮುಂದೆ 1951ರಲ್ಲಿ ರಕ್ಷಣಾ ಕಾರ್ಯದರ್ಶಿಯೇ ಆದರು. ಅಂದರೆ ಲಾಂಗ್ ಐಲ್ಯಾಂಡಿನಲ್ಲಿ ಅಪ್ಪಂದಿರ ದುಡ್ಡಲ್ಲಿ ಹಾರೋದು ಕಲಿತ ಒಂದು ಕೈಬೆರಳೆಣಿಕೆಯ ಹುಡುಗರ ಗುಂಪು, ಎರಡು ಯುದ್ಧಗಳ ನಡುವೆಯೂ ಆಮೇಲೂ ಅಮೆರಿಕದ ಸೇನಾ ವಿಮಾನಗಳ ಚುಕ್ಕಾಣಿ ಹಿಡಿದಿತ್ತು. ನಿಮ್ಮ ಅನುಮಾನಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಾ? ನಾನೇ ಕೊಡ್ತಿದ್ದೇನೆ. ಒಂದೇ ಕಾಲೇಜು, ಒಂದೇ ಕ್ಲಬ್ಬು, ಒಂದೇ ತರಹದ ಮನೆಗಳು. ಬಡವನ ಮನೆಯಲ್ಲಿ ಹುಟ್ಟಿದ ಅಷ್ಟೇ ಚುರುಕಿನ ಪೈಲಟ್‌ಗೆ ಈ ಬಾಗಿಲು ತೆರೆದಿರಲಿಲ್ಲ, ಅದನ್ನು ಮುಚ್ಚಿಟ್ಟು ಹೊಗಳೋದು ಸರಿಯಲ್ಲ.

ಆದರೂ ಕುರ್ಚಿಯಲ್ಲಿ ಕೂತು ಏನು ಮಾಡಿದರು ಅನ್ನೋದು ಬೇರೆ ಪ್ರಶ್ನೆ. ಇಂಗಲ್ಸ್ ತಾವೇ ವಿಮಾನ ಹಾರಿಸಿಕೊಂಡು ನೆಲೆಗಳಿಗೆ ಹೋಗ್ತಿದ್ದರು. ಹೊಸ ನಮೂನೆಯ ವಿಮಾನ ಬಂದರೆ ತಾವೇ ಹತ್ತಿ ನೋಡ್ತಿದ್ದರು. ಕಂಪನಿಯವನು ಬಂದು ನಮ್ಮ ಫೈಟರ್ ಬೆಣ್ಣೆ ಹಾಗೆ ತಿರುಗುತ್ತದೆ ಅಂದರೆ ಕಡತ ನೋಡಿ ತಲೆಯಾಡಿಸುವ ಅಧಿಕಾರಿ ಒಬ್ಬ, ಸರಿ ನಾಳೆ ಬೆಳಿಗ್ಗೆ ನಾನೇ ತಿರುಗಿಸಿ ನೋಡ್ತೇನೆ ಅನ್ನುವ ಅಧಿಕಾರಿ ಇನ್ನೊಬ್ಬ. ವ್ಯತ್ಯಾಸ ಇಲ್ವಾ?

ಅವರು ಬಂದ ಹೊತ್ತೂ ಹಾಗಿತ್ತು. 1929ರ ಜನವರಿಯಲ್ಲಿ, ಅಂದರೆ ನೇಮಕಕ್ಕೆ ಎರಡು ತಿಂಗಳ ಮೊದಲು, ನೌಕಾಪಡೆಯ ಸಮರಾಭ್ಯಾಸದಲ್ಲಿ ಸಾರಟೋಗ ಅನ್ನೋ ವಿಮಾನವಾಹಕ ಹಡಗು ಉಳಿದ ಹಡಗುಗಳನ್ನು ಬಿಟ್ಟು ದೂರ ಹೋಗಿ, ನಸುಕಿನಲ್ಲಿ ತನ್ನ ವಿಮಾನಗಳನ್ನು ಹಾರಿಸಿ ಪನಾಮಾ ಕಾಲುವೆಯ ಮೇಲೆ ಅಣಕು ದಾಳಿ ಮಾಡಿತ್ತು. ವಿಮಾನವಾಹಕ ಅನ್ನೋದು ಯುದ್ಧನೌಕೆಗೆ ಕಣ್ಣಾಗಿರುವ ಸಹಾಯಕ ಹಡಗಲ್ಲ, ಅದೇ ಮುಖ್ಯ ಆಯುಧ ಆಗಬಹುದು ಅಂತ ಹಳೆಯ ಅಡ್ಮಿರಲ್‌ಗಳಿಗೂ ಸ್ವಲ್ಪ ಸ್ವಲ್ಪ ಅನ್ನಿಸತೊಡಗಿತ್ತು. ಇಂಗಲ್ಸ್ ಅವರದ್ದೂ ಅದೇ ಅಭಿಪ್ರಾಯ. ನೌಕಾಪಡೆಯ ವಿಮಾನ ಬ್ಯೂರೋದಲ್ಲಿ ಅಡ್ಮಿರಲ್ ವಿಲಿಯಂ ಮಾಫೆಟ್ ಅನ್ನೋ ಚತುರ ಅಧಿಕಾರಿ ಇದ್ದರು. ಸಮವಸ್ತ್ರದವರು ಹೇಳಲಾಗದ್ದನ್ನು ಸಂಸತ್ತಿನ ಮುಂದೆ ಹೇಳೋಕೆ ಸಮವಸ್ತ್ರವಿಲ್ಲದ, ಆದರೆ ಒಮ್ಮೆ ಹಾಕಿದ್ದ, ವಾದ ಮಾಡೋಕೆ ಬರುವ ಮನುಷ್ಯ ಬೇಕಾಗ್ತಾನೆ. ವಕೀಲಿಕೆ ಮತ್ತೆ ಉಪಯೋಗಕ್ಕೆ ಬಂದದ್ದು ಹೀಗೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಶೇರುಪೇಟೆ ಕುಸಿದು ಸರ್ಕಾರದ ಕೈ ಖಾಲಿಯಾಯಿತು, ಒಂದೊಂದು ಡಾಲರಿಗೂ ಜಗಳ. ಅಂಥದ್ದರಲ್ಲೂ 1,000 ವಿಮಾನದ ಯೋಜನೆ ನಡೆಯಿತು, 1931ರ ಸೆಪ್ಟೆಂಬರ್‌ನಲ್ಲಿ ರೇಂಜರ್ ಹಡಗಿನ ಕೆಲಸ ಶುರುವಾಯಿತು. ಬೇರೆ ಹಡಗನ್ನು ಮಾರ್ಪಡಿಸದೆ, ಮೊದಲಿಂದಲೂ ವಿಮಾನವಾಹಕವಾಗಿಯೇ ಯೋಜಿಸಿ ಕಟ್ಟಿದ ಅಮೆರಿಕದ ಮೊದಲ ಹಡಗು ಅದು. ಎಲ್ಲ ಶ್ರೇಯಸ್ಸೂ ಇಂಗಲ್ಸ್‌ಗೆ ಕೊಡೋಕಾಗಲ್ಲ, ಮಾಫೆಟ್ ಅವರ ಪಾಲು ಇನ್ನೂ ದೊಡ್ಡದು. ಆದರೆ ಅಡ್ಡ ಬರದ, ಹೆಗಲು ಕೊಡುವ ರಾಜಕೀಯ ಮೇಲಧಿಕಾರಿ ಸಿಗೋದು ಎಷ್ಟು ಅಪರೂಪ ಅಂತ ಸರ್ಕಾರಿ ಕೆಲಸ ಮಾಡಿದವರಿಗೆ ಗೊತ್ತು.

1932ರಲ್ಲಿ ಹುದ್ದೆ ಬಿಟ್ಟು ಒಹಾಯೋ ಗವರ್ನರ್ ಚುನಾವಣೆಗೆ ನಿಂತರು. ರಿಪಬ್ಲಿಕನ್ ಪಕ್ಷದ ಟಿಕೆಟ್, ಆರ್ಥಿಕ ಕುಸಿತದ ವರ್ಷ, ದೇಶದ ತುಂಬ ರೂಸ್‌ವೆಲ್ಟ್ ಅಲೆ. ಆಗ ಗವರ್ನರ್ ಆಗಿದ್ದ ಡೆಮಾಕ್ರಟ್ ಜಾರ್ಜ್ ವೈಟ್ ಎದುರು ಸೋತರು. ಮನೆತನಕ್ಕೆ ಎಲ್ಲವೂ ದಕ್ಕೋದಿಲ್ಲ ನೋಡಿ. ಅವರು ಬಿಟ್ಟ ಹುದ್ದೆಯನ್ನು ರೂಸ್‌ವೆಲ್ಟ್ 1941ರವರೆಗೆ ತುಂಬಲೇ ಇಲ್ಲ.

ಮುಂದಿನದನ್ನು ಬೇಗ ಹೇಳ್ತೇನೆ. ಕ್ಲೀವ್‌ಲ್ಯಾಂಡ್ ನಗರದ ಆರೋಗ್ಯ ಮತ್ತು ಕಲ್ಯಾಣ ಇಲಾಖೆಯ ನಿರ್ದೇಶಕರಾಗಿ ಸ್ವಲ್ಪ ಕಾಲ ಕೆಲಸ ಮಾಡಿದರು. ಎರಡನೇ ಯುದ್ಧ ಶುರುವಾದಾಗ ಪ್ಯಾನ್ ಅಮೆರಿಕನ್ ಕಂಪನಿಯ ಜೊತೆ, ಮಯಾಮಿಯಿಂದ ಅಟ್ಲಾಂಟಿಕ್ ದಾಟಿಸಿ ಆಫ್ರಿಕಾಕ್ಕೆ ಯುದ್ಧವಿಮಾನ ಮುಟ್ಟಿಸುವ ಕೆಲಸ ನೋಡಿಕೊಂಡರು. 1942ರಲ್ಲಿ, ನಲವತ್ತು ದಾಟಿದ ಮೇಲೆ, ಮತ್ತೆ ನೌಕಾಪಡೆಯ ಸಮವಸ್ತ್ರ ಹಾಕಿ ಪೆಸಿಫಿಕ್‌ಗೆ ಹೋದರು, ಪರ್ಲ್ ಹಾರ್ಬರ್ ನೌಕಾ ವಿಮಾನ ನೆಲೆಯ ಕಮಾಂಡರ್ ಆದರು. ಮೀಸಲು ಪಡೆಯಲ್ಲಿ ರಿಯರ್ ಅಡ್ಮಿರಲ್‌ವರೆಗೆ ಏರಿದರು. ಯುದ್ಧದ ನಂತರ 1949ರವರೆಗೆ ಪ್ಯಾನ್ ಅಮೆರಿಕನ್‌ನ ಉಪಾಧ್ಯಕ್ಷರು, ಆಮೇಲೆ ಮತ್ತೆ ವಕೀಲಿಕೆ, 1954ರಿಂದ 1958ರವರೆಗೆ ಟಾಫ್ಟ್ ಕುಟುಂಬದ ಸಿನ್ಸಿನಾಟಿ ಟೈಮ್ಸ್-ಸ್ಟಾರ್ ಪತ್ರಿಕೆಯ ಪ್ರಕಾಶಕರು. ಸತ್ತಿದ್ದು 1985ರ ಏಪ್ರಿಲ್‌ನಲ್ಲಿ, 86ನೇ ವಯಸ್ಸಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಡೇಟನ್‌ನಲ್ಲಿರುವ ರಾಷ್ಟ್ರೀಯ ವಿಮಾನಯಾನ ಗೌರವ ಮಂದಿರಕ್ಕೆ ಅವರ ಹೆಸರು ಸೇರಿತ್ತು.

ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಬಗ್ಗೆ ಕುತೂಹಲ ಮುಗಿದಿಲ್ಲ. 1952ರಲ್ಲಿ ತಮ್ಮ ಸಂಬಂಧಿ ಸೆನೆಟರ್ ರಾಬರ್ಟ್ ಟಾಫ್ಟ್ ಅವರನ್ನು ಅಧ್ಯಕ್ಷರ ಚುನಾವಣೆಗೆ ನಿಲ್ಲಿಸೋಕೆ ನಡೆದ ಪ್ರಚಾರದ ಮುಂದಾಳು ಇಂಗಲ್ಸ್. ಎದುರಾಳಿ ಜನರಲ್ ಐಸೆನ್‌ಹೋವರ್. ಅಂದರೆ ಯುದ್ಧದಲ್ಲಿ ಹೆಸರು ಮಾಡಿ ರಾಜಕೀಯಕ್ಕೆ ಬಂದ ಒಬ್ಬ ಏಸ್, ಯುದ್ಧ ಗೆದ್ದು ಬಂದ ಇನ್ನೊಬ್ಬ ವೀರನ ವಿರುದ್ಧ, ಯುದ್ಧಕ್ಕೇ ಹೋಗದ ರಾಜಕಾರಣಿಯ ಪರವಾಗಿ ಓಡಾಡಿದರು. ಶಿಕಾಗೋ ಸಮಾವೇಶದಲ್ಲಿ ಐಸೆನ್‌ಹೋವರ್ ಗೆದ್ದರು. ನಂಟಸ್ತಿಕೆಯೇ ಕಾರಣವಾ, ಅಥವಾ ಸೇನಾನಾಯಕ ಒಳ್ಳೆ ಆಡಳಿತಗಾರನೂ ಆಗಿರಬೇಕು ಅಂತೇನಿಲ್ಲ ಅನ್ನೋದು ಅವರಿಗೆ ಒಳಗಿನಿಂದ ಗೊತ್ತಿತ್ತಾ? ನೀವೇ ಯೋಚಿಸಿ.

ಕೊನೆಯದಾಗಿ, ಇಂಥವರು ಈಗಲೂ ಇರ್ತಾರಾ ಅಂತ ಕೇಳಿದ್ದೀರಿ. ಯುದ್ಧವಿಮಾನ, ವಕೀಲಿಕೆ, ಸರ್ಕಾರದ ಹುದ್ದೆ, ಮೂರನ್ನೂ ಒಬ್ಬರೇ ಮಾಡಿದವರು ಸಿಗೋದು ಈಗ ಕಷ್ಟ. ಆಗ ರಜೆಯಲ್ಲಿ ಹಾರೋದು ಕಲಿತು ಯುದ್ಧಕ್ಕೆ ಹೋಗಬಹುದಿತ್ತು, ಈಗ ಒಬ್ಬ ಫೈಟರ್ ಪೈಲಟ್ ತಯಾರಾಗೋಕೇ ವರ್ಷಗಟ್ಟಲೆ ಬೇಕು, ಆಮೇಲೆ ಪಡೆ ಅವನನ್ನು ಅಷ್ಟು ಸುಲಭಕ್ಕೆ ಬಿಡೋದೂ ಇಲ್ಲ. ನೌಕಾಪಡೆಗಳಲ್ಲಿ ಕಾನೂನಿನವರೇ ಬೇರೆ, ಪೈಲಟ್‌ಗಳೇ ಬೇರೆ, ನಮ್ಮ ನೌಕಾಪಡೆಯಲ್ಲೂ ಕಾನೂನಿಗೆ ಪ್ರತ್ಯೇಕ ಕೇಡರ್ ಇದೆ. ಜಾರ್ಜ್ ಬುಷ್ ಹಿರಿಯರು ನೌಕಾ ಪೈಲಟ್, ಜಾನ್ ಮೆಕೇನ್ ನೌಕಾ ಪೈಲಟ್, ಇಬ್ಬರೂ ವಕೀಲರಲ್ಲ. ಫ್ಲಾರಿಡಾದ ಗವರ್ನರ್ ಆದ ರಾನ್ ಡಿಸ್ಯಾಂಟಿಸ್ ನೌಕಾಪಡೆಯ ವಕೀಲ, ಪೈಲಟ್ ಅಲ್ಲ. ಇಂಗಲ್ಸ್ ಕೂತ ಹುದ್ದೆಯನ್ನೇ 1959ರಲ್ಲಿ ತೆಗೆದುಹಾಕಿದರು. ಹತ್ತಿರ ಬರುವವರು ಅಂದರೆ ರೇಗನ್ ಕಾಲದಲ್ಲಿ, 1981ರಿಂದ 1987ರವರೆಗೆ ನೌಕಾ ಕಾರ್ಯದರ್ಶಿಯಾಗಿದ್ದ ಜಾನ್ ಲೆಹ್ಮನ್. ಇಡೀ ಇಲಾಖೆಯ ಮುಖ್ಯಸ್ಥರಾಗಿದ್ದಾಗಲೂ ಅವರು ಮೀಸಲು ಪಡೆಯಲ್ಲಿ ಎ-6 ಇಂಟ್ರೂಡರ್ ಬಾಂಬರ್ ಹತ್ತುತ್ತಿದ್ದರು. ಆದರೆ ಕೂರ್ತಿದ್ದದ್ದು ಪೈಲಟ್ ಪಕ್ಕದ ಸೀಟಿನಲ್ಲಿ, ಗುರಿ ನೋಡಿ ಬಾಂಬು ಹಾಕುವ ಕೆಲಸಕ್ಕೆ. ವಕೀಲರೂ ಅಲ್ಲ, ಓದಿದ್ದು ಮುಖ್ಯವಾಗಿ ಅಂತರರಾಷ್ಟ್ರೀಯ ಸಂಬಂಧಗಳು.